ತಿರುಗಿಸದ ಹಾಳೆ

"ಸಬೀಹಾ ಟೀಚರ್ ಹೆಸ್ರು ಎಲ್ಲಿ?"

ಕಾರವಾರದ ಪುಟ್ಟ ಡಿಟಿಪಿ ಅಂಗಡಿಯಲ್ಲಿ ರೂಪೇಶ ಪ್ರಿಂಟ್ ತೆಗೆದ ಹಾಳೆಯನ್ನು ಮೇಜಿನ ಮೇಲಿಟ್ಟ. ನೀತಾ ಕೀಬೋರ್ಡಿನಿಂದ ತಲೆಯೆತ್ತಲಿಲ್ಲ.

2004ರ ಮಾರ್ಚ್ ಅದು. ಪಕ್ಕದ ಕಿನ್ನರ ಊರಿನ ಈ ಹುಡುಗಿ ನಾಲ್ಕು ತಿಂಗಳಿಂದ ಅವನ ಪಿಎಚ್.ಡಿ. ಪ್ರಬಂಧ ಟೈಪ್ ಮಾಡುತ್ತಿದ್ದಳು. ಕುರಾನಿನ ಸಂಭಾಷಣೆಗಳಲ್ಲಿ ಮಾತಿನ ಹಿಂದೆ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂಬುದು ವಿಷಯ. ಮೊದಲ ದಿನ ಅವಳಿಗೆ ತಲೆಬುಡ ತಿಳಿದಿರಲಿಲ್ಲ. ಆಮೇಲೆ ವಿಷಯವೂ ಇಷ್ಟವಾಯಿತು, ವಿವರಿಸುವವನಂತೂ... ಕೇಳಲೇಬೇಡಿ!

ಆದರೆ ಅವನ ಬಾಯಲ್ಲಿ ಯಾವಾಗ ನೋಡಿದರೂ ಸಬೀಹಾ! ಅಂಕೋಲೆಯಲ್ಲಿ ಅವನಿಗೆ ಅರಬ್ಬಿ ಓದಿ ಅರ್ಥ ಹೇಳುವ ಟೀಚರ್. ಅವರು ಹೀಗಂದರು, ಹಾಗಂದರು... ನೀತಾಳ ಹೊಟ್ಟೆ ಧಗಧಗ ಉರಿಯುತ್ತಿತ್ತು. ನಿನ್ನೆ ಕೃತಜ್ಞತೆಯ ಪುಟದಲ್ಲಿ ಆ ಹೆಸರಿದ್ದ ಸಾಲನ್ನೇ ಬಿಟ್ಟುಬಿಟ್ಟಿದ್ದಳು.

"ಕಣ್ತಪ್ಪಿ ಹೋಯ್ತು..."

"ಮುನ್ನೂರು ಪುಟದಲ್ಲಿ ಒಂದಕ್ಷರ ಬಿಡದವ್ರಿಗೆ ಇದೊಂದೇ ತಪ್ಪಿತಾ? ನಾಳೆ ಬೈಂಡಿಂಗಿಗೆ ಕೊಡೂದು. ಟೀಚರ್ ಇಲ್ದೆ ಈ ಕೆಲ್ಸ ಆಗ್ತಿರ್ಲಿಲ್ಲ, ನೀತಾ."

ಅವಳಿಗೆ ಮೂರನೆಯ ಅಧ್ಯಾಯ ನೆನಪಾಯಿತು. ಕುರಾನಿನಲ್ಲಿ ಯೂಸುಫನ ಅಣ್ಣಂದಿರು ತಮ್ಮತಮ್ಮಲ್ಲೇ ಆಡುವ ಮಾತು: ಅವನನ್ನು ದೂರ ಮಾಡಿದರೆ ಅಪ್ಪನ ಮುಖ ನಮ್ಮತ್ತ ತಿರುಗುತ್ತದೆ! ಪ್ರೀತಿಯೆಂದರೆ ತಿರುಗಿದ ಮುಖ, ಅದು ಒಂದೇ ಕಡೆ ತಿರುಗಬಲ್ಲದು ಎಂದುಕೊಂಡದ್ದೇ ಅವರ ತಪ್ಪು ಎಂದು ರೂಪೇಶ ಬರೆದಿದ್ದ.

'ಅವರು ತಮ್ಮನನ್ನು ಬಾವಿಗೆ ಹಾಕಿದರು. ನಾನು ಮಾಡಿದ್ದೂ ಅದೇ ಅಲ್ಲವೇ...'

"ನಾನೇ ಬೇಕಂತ ತೆಗ್ದೆ. ನೀವು ಅವ್ರ ಹೆಸ್ರು ಹೇಳೂವಾಗೆಲ್ಲ ತಡ್ಕೊಳ್ಳೂಕೆ ಆಗೂದಿಲ್ಲ! ನೀವಂದ್ರೆ ನಂಗೆ..." ಕಣ್ಣು ತುಂಬಿ ಬಂತು.

ರೂಪೇಶ ನಿನ್ನೆ ಟೈಪ್ ಮಾಡಲು ಕೊಟ್ಟಿದ್ದ ತನ್ನ ಕೈಬರಹದ ಹಾಳೆಯನ್ನು ಮಗುಚಿ ಅವಳ ಮುಂದಿಟ್ಟ. ಸಿಟ್ಟಿನಲ್ಲಿ ಅವಳು ಹಿಂಬದಿ ನೋಡಿಯೇ ಇರಲಿಲ್ಲ!

'ನೀತಾ, ಇಷ್ಟು ದಿನ ಬೇರೆಯವರ ಮಾತನ್ನೇ ಬಿಡಿಸಿ ಹೇಳಿದೆ. ನನ್ನದೊಂದು ಮಾತು ಹೇಳಲಾಗಲಿಲ್ಲ. ನನ್ನನ್ನು ಮದುವೆಯಾಗುತ್ತೀರಾ?'

"ನಿನ್ನೆಯಿಂದ ಉತ್ತರಕ್ಕೆ ಕಾಯ್ತಾ ಇದ್ದೆ. ಹೇಳೂಕೆ ಧೈರ್ಯ ಇಲ್ದಿದ್ರೆ ಬರ್ದು ಕೊಡಿ ಅಂದದ್ದೇ ಸಬೀಹಾ ಟೀಚರ್."

ನೀತಾ ನಾಚಿಕೆಯಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಕಣ್ಣೊರೆಸಿ, ಸಬೀಹಾ ಟೀಚರ್ ಹೆಸರನ್ನು ಎಲ್ಲರಿಗಿಂತ ಮೇಲೆ ಟೈಪ್ ಮಾಡಿದಳು.

"ಹಿಂಬದಿದು?" ರೂಪೇಶ ಕೆಣಕಿದ.

"ಅದು ಟೈಪ್ ಮಾಡೂದಿಲ್ಲ." ಹಾಳೆಯನ್ನು ಮಡಚಿ ಪರ್ಸಿಗೆ ಹಾಕಿದಳು. "ಅದು ನಾನೊಬ್ಳೇ ಓದೂದು. ಸಬೀಹಾ ಟೀಚರಿಗೂ ತೋರ್ಸೂದಿಲ್ಲ!"

"ಮತ್ತೆ ಉತ್ತರ?"

"ನಿಮ್ಮ ಮುಖ ಈ ಬದಿಗೇ ತಿರುಗಿದೆ ಅಲ್ದಾ..." ಅವಳು ನಕ್ಕಳು. "ಹಾಗೇ ಇರ್ಲಿ."