ಹಾಸಿಗೆಯಲ್ಲೂ ಬಿಚ್ಚದ ಶೂ

"ಯಾರ್ರೀ ಈ ಮಗು ಶೂ ಬಿಚ್ಚಿದ್ದು?!"

ಆ ಕೂಗಿಗೆ ಬಡಗಿಯ ಕೈಯ ಸುತ್ತಿಗೆ ಜಾರಿ ಅವನ ಕಾಲಿನ ಮೇಲೇ ಬಿತ್ತು.

ಮಂಚ ಮಾಡಲು ಅವನು ಆ ವಸತಿ ಶಾಲೆಗೆ ಬಂದ ಮೊದಲ ದಿನ ಅದು. ಎಲ್ಲರೂ ಗುಬ್ಬಿ ಎನ್ನುವ ಪುಟ್ಟ ಹುಡುಗಿ ಮಧ್ಯಾಹ್ನ ಕೆಸರು ಶೂಗಳಲ್ಲೇ ನಿದ್ದೆಹೋಗಿದ್ದಳು. ಪಾಪ ಎನಿಸಿ, ಮೆಲ್ಲಗೆ ಬಿಚ್ಚಿ ಬಿಸಿಲಿಗಿಟ್ಟ. ಎಚ್ಚರವಾದ ಗುಬ್ಬಿ ಬರಿಗಾಲು ನೋಡಿಕೊಂಡು, "ನನ್ನ ಬಿಟ್ಟು ಹೋದ್ರು!" ಎಂದು ಚೀರಿ ಗೇಟಿನತ್ತ ಓಡಿದ್ದಳು.

ಈಗ ಅವಳನ್ನು ಎದೆಗವಚಿ ನಿಂತವಳು ದೊಡ್ಡಕ್ಕ. ಟಿಬೆಟ್‌ನಿಂದ ಹಿಮದ ಬೆಟ್ಟ ದಾಟಿ ಬಂದ ಮಕ್ಕಳಿಗೆ ಅಮ್ಮ, ಅಕ್ಕ ಎಲ್ಲವೂ ಅವಳೇ. ಕೋಪ ಮಾತ್ರ ಮೂಗಿನ ತುದಿಯಲ್ಲೇ!

"ಒಳ್ಳೇದಕ್ಕೇ ಮಾಡಿದೆ ರೀ..."

"ಬೆಟ್ಟ ದಾಟುವಾಗ ಕತ್ತಲಲ್ಲಿ ಎಬ್ಬಿಸಿ ನಡೆಸಿರ್ತಾರೆ ಇವರನ್ನ. ಶೂ ಇಲ್ದೇ ಮಲಗಿದ್ರೆ ಹಿಂದೆ ಉಳೀತೀವಿ ಅಂತ ಭಯ. ಇಲ್ಲಿ ಯಾರೂ ಬಿಚ್ಚಿಸಲ್ಲ. ಇದೇ ನಮ್ಮನೆ ಅನ್ನಿಸಿದ ದಿನ ಅವರೇ ಬಿಚ್ತಾರೆ."

ಅವನ ಕಣ್ಣು ದೊಡ್ಡಕ್ಕನ ಕಾಲಿಗಿಳಿಯಿತು. ಮನೆಯೊಳಗೂ ಶೂ...

"ಅವಳೂ ಹಾಗೇ ಬಂದ ಮಗುನೇ ಕಣಪ್ಪ," ಎಂದಳು ಅಡುಗೆ ಅಜ್ಜಿ ಆಮೇಲೆ. "ಕಾಲು ತೊಳೆಯೋಕೆ ಬಿಟ್ರೆ ಇವತ್ತಿಗೂ ಬಿಚ್ಚಲ್ಲ. ಮಲಗೋದೂ ಹಾಕ್ಕೊಂಡೇ!"

 ಅಂದಿನಿಂದ ಅವನು ಮಾಡಿದ ಪ್ರತಿ ಮಂಚದ ಕಾಲ್ದೆಸೆಯಲ್ಲಿ ಶೂ ಇಡಲು ಒಂದು ಪುಟ್ಟ ಹಲಗೆ ಬಂತು. ನಿದ್ದೆಯಲ್ಲಿ ಕಾಲು ಚಾಚಿದರೂ ಶೂ ತಾಕಬೇಕು! ದೊಡ್ಡಕ್ಕ ಆ ಹಲಗೆಯನ್ನು ಮೆಲ್ಲಗೆ ಸವರಿದಳು. 'ಬೈಸಿಕೊಂಡವನು ಇಷ್ಟು ಯೋಚಿಸಿದನೇ?'

ವರ್ಷಗಳು ಉರುಳಿದವು. ತಗಡಿನ ಒಂದೇ ಶೆಡ್ ಇದ್ದಲ್ಲಿ ಸಾಲು ಸಾಲು ಮನೆಗಳೆದ್ದವು. ಬೆಳಿಗ್ಗೆ ಅಂಗಳ ಸಾಲದೆ ಮಕ್ಕಳು ಮೆಟ್ಟಿಲ ಮೇಲೂ ನಿಂತು ಹಾಡುವಾಗ ಅವಳ ಮೈ ಜುಮ್ಮೆನ್ನುತ್ತಿತ್ತು. ಹಿಂದೆ ಉಳಿದುಬಿಡುತ್ತೇವೆ ಎಂದು ಹೆದರಿದವರೇ ಎಲ್ಲ... ಇಷ್ಟು ದೊಡ್ಡ ಊರಾಗಿಬಿಟ್ಟರಲ್ಲ! ಹೊಸಬರಿಗೆ ಹಲಗೆ ತೋರಿಸುವವಳು ಈಗ ಗುಬ್ಬಿ.

ಬಡಗಿಯ ಮೇಲೆ ಪ್ರೀತಿ ಹುಟ್ಟಿದ್ದು ದೊಡ್ಡಕ್ಕನಿಗೆ ಗೊತ್ತು. ಬಾಯಿಗೆ ಮಾತ್ರ ಬೀಗ. 'ಕೆಲಸ ಮುಗಿದ ಮೇಲೆ ಹೋಗುವವನು. ಯಾಕೆ ಹಚ್ಚಿಕೊಳ್ಳಲಿ?'

ಕೊನೆಯ ಮನೆಯೂ ಮುಗಿಯಿತು. ಅವಳು ನಲ್ಲಿಯ ಬಳಿ ಕಾಲು ತೊಳೆಯುತ್ತಿದ್ದಾಗ ಗುಬ್ಬಿ ಓಡಿ ಬಂದಳು.

"ಅಕ್ಕಾ! ಬಡಗಿ ಮಾಮ ಸಾಮಾನೆಲ್ಲ ಗಾಡಿಗೆ ಹಾಕ್ತಿದಾರೆ!"

ದೊಡ್ಡಕ್ಕ ಎದ್ದೆನೋ ಬಿದ್ದೆನೋ ಎಂದು ಓಡಿದಳು.

"ಹೇಳದೇ ಹೋಗೋದಾ? ನೀವೂ... ನನ್ನ ಬಿಟ್ಟು?"

ಅವನು ಬೆಪ್ಪಾಗಿ ನಿಂತ. "ಎಲ್ಲಿಗ್ರೀ? ಹಳೇ ಶೆಡ್‌ಗೆ! ಮಕ್ಕಳಿಗೆ ಮರಗೆಲಸ ಕಲಿಸ್ತೀನಿ, ಇಲ್ಲೇ ಇರ್ತೀನಿ ಅಂತ ಹೆಡ್‌ಮಾಸ್ಟರನ್ನ ಕೇಳಿಕೊಂಡೆ. ಒಪ್ಪಿದ್ರು. ಸಂಜೆ ನಿಮ್ಗೆ ಹೇಳೋಣ ಅಂತಿದ್ದೆ."

"ಯಾಕೆ... ಕೇಳಿಕೊಂಡ್ರಿ?"

"ನೀವು ಇಲ್ಲಿದೀರಲ್ಲ. ನಿಮ್ಮನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?"

ಅವಳ ಕಣ್ಣು ತುಂಬಿತು. ಅವನ ನೋಟ ಮಾತ್ರ ಕೆಳಗಿಳಿದು ಅಲ್ಲೇ ನಿಂತಿತು.

"ರೀ... ನಿಮ್ಮ ಶೂ?"

ಅವಳೂ ನೋಡಿಕೊಂಡಳು. ಜಲ್ಲಿಕಲ್ಲಿನ ಮೇಲೆ ಒದ್ದೆ ಬರಿಗಾಲು!

"ಅಯ್ಯೋ... ಮರೆತೇಬಿಟ್ಟೆ!"

"ತರ್ಲಾ?"

ಅಳುತ್ತಲೇ ನಕ್ಕಳು. ಮೆಲ್ಲಗೆ ಅವನ ಕೈ ಹಿಡಿದಳು.

"ಬೇಡ ಬಿಡಿ. ಮನೇಲೇ ಇದೀನಲ್ಲ."