ಜೂಬಾ ಪ್ರಿನ್ಸನ ಹತ್ತರಿ

"ಸತ್ತು ಎರಡು ವರ್ಷ ಆಯ್ತು, ಈಗ ನಮ್ಮಪ್ಪನ್ನ ಮೋಸಗಾರ ಅಂತಿದಾರೆ, ಥರ್ಜಕ್ಕಾ," ಎಂದಳು ಲವೀನಿಯಾ ಪ್ರಿನ್ಸ್. ಬಾಗಿಲಲ್ಲೇ ನಿಂತಿದ್ದಳು, ಕೋಟು ಕೂಡ ಬಿಚ್ಚಿರಲಿಲ್ಲ.

ಅರ ಹಿಡಿದು ಗರಗಸದ ಹಲ್ಲು ಮಸೆಯುತ್ತಿದ್ದ ಥರ್ಜಾ ಪೆಲ್ಕಿ ಕೈ ನಿಲ್ಲಿಸಿದಳು. ನಾನು ಅವಳ ಮಹಡಿಯ ಬಾಡಿಗೆದಾರ, ನಿವೃತ್ತ ಅಂಚೆಯವ. ಹೋಲ್ಡನ್‌ಬರಿಯಲ್ಲಿ ಏನೇ ಎಡವಟ್ಟಾದರೂ ಜನ ಪೊಲೀಸರಿಗಿಂತ ಮೊದಲು ಬರುತ್ತಿದ್ದುದು ಗರಗಸ ಮಸೆಯುವ ಇವಳ ಕೊಟ್ಟಿಗೆಗೆ. ಅವಳ ಹಿಂದೆ ಹಿಂದೆ ನಾನೂ ಹೋಗುತ್ತಿದ್ದೆ, ಕರೆಯದಿದ್ದರೂ.

ವಿಷಯ ಇಷ್ಟು. ದೇಶ ಸ್ವತಂತ್ರವಾಗಿ ಇನ್ನೂರು ವರ್ಷ ತುಂಬುವ ಆ ಬೇಸಿಗೆಯಲ್ಲಿ ನಮ್ಮೂರಲ್ಲಿ ಮೊದಲು ಹತ್ತರಿ ಮಾಡಿದವನ ಹೆಸರಲ್ಲಿ ಕಂಚಿನ ಫಲಕ ಹಾಕುವುದೆಂದು ಹಳೆ ಉಪಕರಣಗಳ ಸಂಘದವರು ನಿಶ್ಚಯಿಸಿದ್ದರು. ಮರ ಕೀಸುವ ಹತ್ತರಿಯ ಮೂತಿಗೆ ಅದನ್ನು ಮಾಡಿದವನು ತನ್ನ ಹೆಸರಿನ ಅಚ್ಚು ಹೊಡೆಯುವುದು ಇಲ್ಲಿನ ವಾಡಿಕೆ. ಲವೀನಿಯಾಳ ಮನೆಯಲ್ಲಿ 'ಜೂಬಾ ಪ್ರಿನ್ಸ್' ಎಂಬ ಅಚ್ಚಿನ ಹತ್ತರಿಯೊಂದಿತ್ತು. ಜೂಬಾ ಅವಳ ಮುತ್ತಜ್ಜನ ಮುತ್ತಜ್ಜ, ಥ್ಯಾಕ್ಸ್ಟರ್ ಮನೆತನದ ಗುಲಾಮನಾಗಿದ್ದು ಬಿಡುಗಡೆ ಹೊಂದಿದವನು. ಮಾರ್ಚ್ ತಿಂಗಳಲ್ಲಿ ಅವಳು ಅದನ್ನು ಸಂಘಕ್ಕೆ ಕೊಟ್ಟಳು. ಗ್ರಂಥಾಲಯದ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು, ಫಲಕಕ್ಕೆ ಜೂಬಾನ ಹೆಸರನ್ನೂ ಸೇರಿಸಿದರು. ಜೂನಿನಲ್ಲಿ ಸಂಘದ ಅಧ್ಯಕ್ಷ ಆಲ್ಡೆನ್ ಥ್ಯಾಕ್ಸ್ಟರ್ ಅದನ್ನು ಪರೀಕ್ಷಿಸಿ, ಅಚ್ಚು ಹೊಸದು, ಇದು ಅವಳ ಅಪ್ಪ ಏಮಸ್‌ನ ಕೈಚಳಕ ಎಂದುಬಿಟ್ಟ. ಶನಿವಾರ ಸಭೆ ಸೇರಿ ಜೂಬಾನ ಹೆಸರು ಹೊಡೆದುಹಾಕುವವರಿದ್ದರು. ಆಮೇಲೆ ಫಲಕದಲ್ಲಿ ಉಳಿಯುವ ಹೆಸರು ಈನಕ್ ಥ್ಯಾಕ್ಸ್ಟರ್, ಅಂದರೆ ಆಲ್ಡೆನ್‌ನ ಪೂರ್ವಜ.

"ಫಲಕ ಹಾಳಾಗ್ಲಿ," ಎಂದಳು ಲವೀನಿಯಾ. "ಚರ್ಚಲ್ಲಿ ನನ್ನ ಪಕ್ಕ ಯಾರೂ ಕೂರ್ತಿಲ್ಲ. ಅಪ್ಪ ಆ ಚರ್ಚಿಗೇ ಕಿಟಕಿ ಮಾಡಿಕೊಟ್ಟವ್ರು."

ನಾವು ಮೂವರೂ ಗ್ರಂಥಾಲಯಕ್ಕೆ ಹೋದೆವು. ಪೆಟ್ಟಿಗೆಗೆ ಎರಡೇ ಬೀಗದಕೈ. ಒಂದು ಥ್ಯಾಕ್ಸ್ಟರ್‌ನ ಬಳಿ, ಇನ್ನೊಂದು ಸಂಘದ ಕಾರ್ಯದರ್ಶಿ, ಹಳೆ ಸಾಮಾನಿನ ವ್ಯಾಪಾರಿ ರಾಯ್ಸ್ ಗ್ಯಾಮೆಲ್ ಬಳಿ. ಗ್ಯಾಮೆಲ್ ಬಂದು ಬೀಗ ತೆಗೆದ, ಮುಖ ಸಿಂಡರಿಸಿಕೊಂಡು.

"ನೋಡೋದೇನಿದೆ ಥರ್ಜಕ್ಕ? ಅಕ್ಷರದೊಳಗೆ ಬಿಳಿ ಮರ ಕಾಣ್ತಿದೆ."

ಥರ್ಜಾ ಭೂತಗಾಜು ಹಿಡಿದು ನೋಡಿ, "ಹೌದಪ್ಪ, ಅಚ್ಚು ಹೊಸದೇ," ಎಂದಳು. ಲವೀನಿಯಾ ಕೋಟಿನ ಗುಂಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನನಗೂ ಒಂದು ಗಳಿಗೆ ಅವಳ ಮೇಲೆಯೇ ಸಂಶಯ ಬಂತು, ಸುಳ್ಳೇಕೆ ಹೇಳಲಿ.

"ಈ ಬೆಣೆ ನಿಮ್ದೇನಾ?" ಎಂದು ಥರ್ಜಾ ಅಲಗನ್ನು ಬಿಗಿಹಿಡಿಯುವ ಮರದ ಬೆಣೆಯನ್ನು ತೋರಿಸಿದಳು.

"ನಮ್ದೇ. ಈ ಸುಟ್ಟ ಕಲೆ ಅಪ್ಪನ ಚುಟ್ಟದ್ದು."

ಥರ್ಜಾ ಬೆಣೆಯನ್ನು ಕಿತ್ತಳು. ಅದರ ಬಾಲದಲ್ಲಿ ಚಾಕುವಿನಿಂದ ಕೊರೆದ ಮೂರು ಗೀರು, ಹಕ್ಕಿಯ ಹೆಜ್ಜೆಯ ಹಾಗೆ. ಬೆಣೆ ಕೂರುವ ಗೂಡಿಗೆ ಟಾರ್ಚ್ ಬಿಟ್ಟಳು. ಅಲ್ಲಿ ಏನೂ ಇರಲಿಲ್ಲ. ಮತ್ತೆ ಜೋಡಿಸಿ ಪೈನ್ ಹಲಗೆಯ ಮೇಲೆ ತಳ್ಳಿದಳು. ಗೇಣುದ್ದ ಹೋಗುವುದರೊಳಗೆ ಮರದ ಸುರುಳಿ ಅಲಗಿನ ಬಾಯಿಗೆ ಸಿಕ್ಕಿಕೊಂಡು ಹತ್ತರಿ ನಿಂತಿತು.

"ನಿಮ್ಮಪ್ಪ ಇದ್ರಲ್ಲೇ ಚರ್ಚಿನ ಕಿಟಕಿ ಮಾಡಿದ್ರಾ?"

"ಇದ್ರಲ್ಲೇ. ಬೆಣ್ಣೆ ಕೊಯ್ದ ಹಾಗೆ ಹೋಗ್ತಿತ್ತು."

ದಾರಿಯಲ್ಲಿ ನಾನು, "ಗ್ಯಾಮೆಲ್ಲೇ ಕಳ್ಳ. ಆ ಹತ್ತರೀನ ಕೊಳ್ಳೋಕೆ ಲವೀನಿಯಾ ಮನೆಗೆ ಮೂರು ಸಲ ಹೋಗಿದ್ನಂತೆ," ಎಂದೆ.

"ನೀನು ಕಾಗದ ಹಂಚ್ತಿದ್ದಾಗ್ಲೂ ಹೀಗೇ, ಲಕೋಟೆ ಬಣ್ಣ ನೋಡಿ ಒಳಗಿನ ಸುದ್ದಿ ಹೇಳ್ತಿದ್ದೆ," ಎಂದಳು ಥರ್ಜಾ.

ಗುರುವಾರ ನಾವು ಥ್ಯಾಕ್ಸ್ಟರ್‌ನ ಮನೆಗೆ ಹೋದೆವು. ಸಭೆ ನಡೆಯುವುದೂ ಅಲ್ಲೇ. ಕಾಫಿ ಕೊಟ್ಟ. ಗೋಡೆ ತುಂಬ ಕಪಾಟು, ಕಾಲಕ್ರಮದಲ್ಲಿ ಸಾಲಾಗಿ ಎಂಬತ್ತು ಹತ್ತರಿ. ಹೆಸರು ಕಾಣಲಿ ಎಂದು ಸಂಗ್ರಾಹಕರು ಮೂತಿಯನ್ನು ಹೊರಗೆ ಮಾಡಿಯೇ ಇಡುತ್ತಾರೆ. ಮೊದಲ ಸಾಲಿನಲ್ಲಿ, ಈನಕ್‌ನ ಹತ್ತರಿಗಳ ಪಕ್ಕ, ಒಂದು ಮಾತ್ರ ಮುನಿಸಿಕೊಂಡ ಮಗುವಿನ ಹಾಗೆ ಗೋಡೆಗೆ ಮುಖ ಮಾಡಿತ್ತು. ಅದರ ಬೆಣೆಯೂ ಯಾಕೋ ಉಳಿದವಕ್ಕಿಂತ ಬೆಳ್ಳಗಿತ್ತು. ನನಗೆ ನಗು ಬಂತು. ಥರ್ಜಾ ನಗಲಿಲ್ಲ, ಇನ್ನೊಂದು ಲೋಟ ಕಾಫಿ ಕೇಳಿದಳು.

ಶನಿವಾರ ಮಧ್ಯಾಹ್ನ ಹದಿನೈದು ಜನ ಸೇರಿದರು. ಲವೀನಿಯಾ ಕೋಟು ಬಿಚ್ಚದೆ ಬಾಗಿಲ ಬಳಿಯೇ ನಿಂತಳು. ಬೀನ್ಸು, ಕಂದು ಬ್ರೆಡ್ಡು ತಿಂದು ಮುಗಿಸಿದ್ದೇ ಥರ್ಜಾ ಎದ್ದು ನಿಂತಳು, ಸಭೆಗೆಂದು ಗ್ಯಾಮೆಲ್ ತಂದಿದ್ದ ಗ್ರಂಥಾಲಯದ ಹತ್ತರಿ ಕೈಯಲ್ಲಿ.

"ಆಲ್ಡೆನ್ ಹೇಳಿದ್ದು ನಿಜ, ಇದು ಖೋಟಾ. ಆದ್ರೆ ಬೆಣೆ ಅಸಲಿ. ಹಳೆ ಕಾಲದವ್ರು ಬೆಣೇನ ಅದರದೇ ಗೂಡಿಗೆ ಕೆತ್ತಿ ಕೂರಿಸ್ತಿದ್ರು, ಅದಲುಬದಲಾಗ್ದೆ ಇರ್ಲಿ ಅಂತ ಎರಡಕ್ಕೂ ಒಂದೇ ಗುರುತು ಹಾಕ್ತಿದ್ರು. ಈ ಬೆಣೇಲಿ ಗುರುತಿದೆ, ಗೂಡಲ್ಲಿ ಇಲ್ಲ. ಅದಕ್ಕೇ ಬಾಯಿ ಕಟ್ಕೊಳ್ಳೋದು. ಇಂಥದ್ರಲ್ಲಿ ಏಮಸ್ ಒಂದು ಕಿಟಕೀನೂ ಮಾಡೋಕಾಗ್ತಿರ್ಲಿಲ್ಲ. ಯಾರೋ ಹೆಸರಿಲ್ಲದ ಹಳೆ ಹತ್ತರಿಗೆ ಹೊಸ ಅಚ್ಚು ಹೊಡೆದು, ಲವೀನಿಯಾಗೆ ಗುರುತು ಸಿಗ್ಲಿ ಅಂತ ಅವಳ ಬೆಣೆ ಸಿಗಿಸಿ, ಅಸಲಿ ಎತ್ಕೊಂಡಿದಾರೆ."

ಎಲ್ಲರ ಕಣ್ಣೂ ಗ್ಯಾಮೆಲ್ ಕಡೆ ಹೊರಳಿದವು.

"ನಾನಲ್ಲ!" ಎಂದು ಅವನು ಎದ್ದ.

"ಕೂತ್ಕೋ ರಾಯ್ಸ್. ನೀನಾಗಿದ್ರೆ ಅದು ಇಷ್ಟೊತ್ತಿಗೆ ಬಾಸ್ಟನ್‌ನಲ್ಲಿ ಮಾರಾಟ ಆಗಿರ್ತಿತ್ತು. ಮಾರದೆ, ಸುಡದೆ, ಕಾಲಕ್ರಮ ತಪ್ಪದ ಹಾಗೆ ಸಾಲಲ್ಲೇ ಇಡೋನು ಸಂಗ್ರಾಹಕ ಮಾತ್ರ." ಅವಳು ಕಪಾಟಿಗೆ ನಡೆದು ಆ ಒಂದನ್ನು ತೆಗೆದು ತಿರುಗಿಸಿದಳು. ಜೂಬಾ ಪ್ರಿನ್ಸ್ ಎಂಬ ಅಕ್ಷರ, ಒಳಗೆಲ್ಲ ಇನ್ನೂರು ವರ್ಷದ ಕಪ್ಪು. ಹೊಸ ಬೆಣೆ ಕಿತ್ತು ಹಳೆಯದನ್ನು ಕೂರಿಸಿದಳು. ಕಟಕ್ಕೆಂದು ಕೂತಿತು. ಗೂಡಿನೊಳಗೆ ಹಕ್ಕಿಯ ಹೆಜ್ಜೆಯೂ ಇತ್ತು.

"ಯಾಕೆ ಅಂತ ನೀನೇ ಹೇಳ್ತೀಯೋ ಆಲ್ಡೆನ್, ನಾನು ಹೇಳ್ಲೋ?"

ಥರ್ಜಾ ಪಕ್ಕದಲ್ಲಿದ್ದ ಈನಕ್‌ನ ಹತ್ತರಿಯ ಬೆಣೆ ಕಿತ್ತಳು. ಅದೇ ಹಕ್ಕಿಯ ಹೆಜ್ಜೆ. ಇನ್ನೊಂದನ್ನು ಕಿತ್ತಳು. ಅದರಲ್ಲೂ.

"ಹೆಸರು ಈನಕ್‌ದು, ಕೈ ಗುಲಾಮನಾಗಿದ್ದ ಜೂಬಾಂದು," ಎಂದಳು. "ಎರಡನ್ನೂ ಪಕ್ಕದಲ್ಲಿಟ್ರೆ ಯಾರಿಗಾದ್ರೂ ತಿಳೀತಿತ್ತು. ಇವನಿಗೆ ಮೊದಲು ತಿಳೀತು, ಅಷ್ಟೇ."

"ಏಳು ತಲೆಮಾರಿನ ಹೆಸರು, ಥರ್ಜಾ," ಎಂದ ಥ್ಯಾಕ್ಸ್ಟರ್, ತಲೆ ತಗ್ಗಿಸಿ. "ನನ್ನ ಕಾಲದಲ್ಲಿ ಹೋಗಬಾರದು ಅನ್ನಿಸ್ತು."

ಫಲಕದಲ್ಲಿ ಜೂಬಾನ ಹೆಸರೊಂದೇ ಇರಲಿ ಎಂದು ಯಾರೋ ಸೂಚಿಸಿದರು. ಕೈಗಳು ಮೇಲೇಳತೊಡಗಿದವು. ಲವೀನಿಯಾ ತಡೆದಳು.

"ಅದು ಆಮೇಲೆ. ಯಜಮಾನ್ರೇ, ನಮ್ಮಪ್ಪ ಏನು ಅಂತ ಮೊದಲು ನೀವು ಹೇಳಿ."

ಥ್ಯಾಕ್ಸ್ಟರ್ ಗಂಟಲಲ್ಲೇ ಏನೋ ಗೊಣಗಿದ.

"ಎದ್ದು ನಿಂತು ಹೇಳಿ. ಮೋಸಗಾರ ಅಂದಾಗ ನಿಂತೇ ಅಂದಿದ್ರಿ."

ಅವನು ಕುರ್ಚಿಯ ಬೆನ್ನು ಹಿಡಿದು ಎದ್ದ. "ಏಮಸ್ ಪ್ರಿನ್ಸ್ ಪ್ರಾಮಾಣಿಕ ಮನುಷ್ಯ. ಮೋಸ ಮಾಡಿದವ ನಾನು," ಎಂದ, ಕೋಣೆಯ ಕೊನೆಯಲ್ಲಿದ್ದ ನನಗೂ ಕೇಳುವಷ್ಟು ಗಟ್ಟಿಯಾಗಿ.

ಆಗ ಲವೀನಿಯಾ ಕೋಟು ಬಿಚ್ಚಿ ಕೂತಳು. ಅವಳ ಪಕ್ಕದ ಕುರ್ಚಿ ಖಾಲಿಯಿತ್ತು, ನಾನು ಹೋಗುವಷ್ಟರಲ್ಲಿ ಗ್ಯಾಮೆಲ್ ಅದರಲ್ಲಿ ಕೂತುಬಿಟ್ಟಿದ್ದ.