ನೀಲಿ ಹೆಬ್ಬೆಟ್ಟು

ಎರಡೂ ಅಂಡಾಶಯಗಳು ಕಾಣೆಯಾಗಿದ್ದವು. ಖಾನಾಪುರದ ಸ್ಕ್ಯಾನಿಂಗ್ ವರದಿ ಹಾಗೆ ಹೇಳುತ್ತಿತ್ತು. ಅದನ್ನು ಪಿಎಸ್‌ಐ ಪೂರ್ಣಿಮಾಳ ಮೇಜಿನ ಮೇಲಿಟ್ಟವಳು ನಂದಗಡದ ಭರಮವ್ವ. ವಯಸ್ಸು ಮೂವತ್ನಾಲ್ಕು. ಪಕ್ಕದಲ್ಲಿ ಗಂಡ ಬೀರೇಶ.

“ಗರ್ಭಚೀಲದಾಗ ಗಡ್ಡಿ ಇದ್ದೂರಿ. ರಕ್ತ ನಿಲ್ಲತಿರಲಿಲ್ಲ. ಚೀಲ ಒಂದ ತಗೀರಿ, ಅಂಡಾಶಯ ಚಲೋ ಅದಾವ, ಇರಲಿ ಅಂದಿದ್ದೆ. ಆಪರೇಶನ್ ಆಗಿ ಎಂಟು ತಿಂಗಳಾತು. ಮೈಯೆಲ್ಲಾ ಬೆಂಕಿ, ಎಲುಬು ನೋವು. ಮನ್ಯಾಗ ನಾಟಕ ಮಾಡತಾಳ ಅಂತಾರ. ಖರೇ ಏನಾತು ಅನ್ನೋದು ನನಗ ಗೊತ್ತಾಗಬೇಕ್ರಿ.”

ಬೀರೇಶ ಫ್ಯಾನು ನೋಡುತ್ತ ಕುಳಿತಿದ್ದ.

*

ಬೆಳಗಾವಿಯ ಹಿಂದವಾಡಿಯಲ್ಲಿ ಡಾಕ್ಟರ್ ಓಂಕಾರನ ನರ್ಸಿಂಗ್ ಹೋಮ್. ಅವನು ನಗುನಗುತ್ತಲೇ ಎರಡು ಒಪ್ಪಿಗೆ ಪತ್ರ ಮುಂದಿಟ್ಟ. ಮೊದಲನೆಯದು ಗರ್ಭಚೀಲಕ್ಕೆ ಮಾತ್ರ, ಅದರಲ್ಲಿ ಭರಮವ್ವನ ಸಹಿ. ಎರಡನೆಯದು ಅಂಡಾಶಯಗಳಿಗೆ, ಅದರಲ್ಲಿ ನೀಲಿ ಹೆಬ್ಬೆಟ್ಟು. ಕೆಳಗೆ ಸಾಕ್ಷಿಯಾಗಿ ಬೀರೇಶನ ಸಹಿ.

“ಆಪರೇಶನ್‌ಕ್ಕ ಮೊದಲ ಆಕೀನ ಮನಸು ಬದಲಿಸಿದ್ಲು ಮೇಡಂ.”

ಅಲ್ಲಿನ ಥಿಯೇಟರ್ ನರ್ಸ್ ಕಾಂತಾ ತನ್ನ ಬೆರಳನ್ನೇ ಒತ್ತಿರಬೇಕು ಎಂದುಕೊಂಡಳು ಪೂರ್ಣಿಮಾ. ಬೆರಳಚ್ಚಿನ ವರದಿ ಬಂತು. ಹೆಬ್ಬೆಟ್ಟು ಭರಮವ್ವನದೇ! ನೋವಿನಲ್ಲಿ ಒತ್ತಿ ಮರೆತಳೇ? ಹಾಗೆ ಯೋಚಿಸಿದ್ದಕ್ಕೆ ಪೂರ್ಣಿಮಾ ಆಮೇಲೆ ನಾಚಿಕೊಂಡಳು.

*

“ಹೆಬ್ಬೆಟ್ಟು ಯಾವಾಗ ಒತ್ತಿದ್ರಿ?”

“ಆರು ವರ್ಷಾತ್ರಿ ಒತ್ತಿಲ್ಲ. ನಮ್ಮ ಮಹಿಳಾ ಸಂಘದಾಗ ಹೆಬ್ಬೆಟ್ಟು ಒತ್ತಿದಾಕಿನ ಸಭಾ ಮುಗದ ಮ್ಯಾಲ ಕಸಾ ಹೊಡೀಬೇಕು. ಅದಕ್ಕ ಎಲ್ಲಾರೂ ಸಹಿ ಕಲತೇವಿ.” ಭರಮವ್ವ ತಡೆದಳು. “ಎಚ್ಚರಾದಾಗ ಬೆರಳು ನೀಲಿ ಇತ್ರಿ. ಔಷಧ ಹಚ್ಯಾರ ಅನಕೊಂಡೆ.”

ಪೂರ್ಣಿಮಾ ಜೀಪು ಹತ್ತಿದಳು. ನರ್ಸಿಂಗ್ ಹೋಮಿನ ಆಪರೇಶನ್ ಥಿಯೇಟರಿನ ರಿಜಿಸ್ಟರ್ ಬೇಕಿತ್ತು.

*

ಮರುದಿನ ಠಾಣೆಯಲ್ಲಿ ಎಲ್ಲರೂ ಇದ್ದರು.

“ಬೆರಳು ಈಕೀದು ಖರೇ,” ಎಂದಳು ಪೂರ್ಣಿಮಾ. “ಆದ್ರ ಹತ್ತು ಗಂಟೆಗೆ ಸಹಿ ಮಾಡಿದಾಕಿ ಅಷ್ಟರಾಗ ಅಕ್ಷರ ಮರತ್ಲೇನು? ಮರಿಲಿಲ್ಲ. ಎಚ್ಚರ ಇರಲಿಲ್ಲ. ಅರಿವಳಿಕೆ ಕೊಟ್ಟದ್ದು ಹತ್ತು ಇಪ್ಪತ್ತಕ್ಕ. ಎರಡನೇ ಪತ್ರ ಥಿಯೇಟರಿಗೆ ಬಂದದ್ದು ಹತ್ತು ಐವತ್ತಕ್ಕ. ಒಳಗ ಬಂದ ಪ್ರತಿ ಕಾಗದದ ವೇಳೆ ರಿಜಿಸ್ಟರಿನ್ಯಾಗ ಬರಿಯೋ ರೂಢಿ ಕಾಂತಾಗ ಐತಿ.”

“ಡಾಕ್ಟರ್ ಹೇಳಿದ್ರು, ಮಲಗಿದಾಕಿ ಬೆರಳು ಒತ್ತಿಸಿದೆ,” ಎಂದಳು ಕಾಂತಾ ತಲೆ ತಗ್ಗಿಸಿ.

ಓಂಕಾರ ಸಿಡುಕಿದ. “ಮಕ್ಕಳಾಗ್ಯಾವ, ಇನ್ನ ಅವು ಯಾಕ ಬೇಕು? ನಾಳೆ ಅಲ್ಲೂ ಗಡ್ಡಿ ಬಂದ್ರ? ಹೊರಗ ಬಂದು ಗಂಡನ್ನ ಕೇಳೇ ತಗದೇನಿ!”

ಭರಮವ್ವ ಗಂಡನತ್ತ ತಿರುಗಿದಳು. “ನೀವು ಒಪ್ಪಿದ್ರೇನು?”

“ಮತ್ತೊಮ್ಮೆ ಹೊಟ್ಟಿ ಕೊಯ್ಯೋದು ಬ್ಯಾಡಂತ... ಎಲ್ಲಾ ತಗದಬಿಡ್ರಿ ಅಂದೆ.”

“ಗೊತ್ತಿದ್ದೂ ಎಂಟು ತಿಂಗಳು ನಾಟಕ ಅಂದ್ರಿ?”

ಬೀರೇಶ ಮತ್ತೆ ಫ್ಯಾನು ನೋಡಿದ.

ಹವಾಲ್ದಾರ ಬಾಳಪ್ಪ ದೂರು ಬರೆದು ಮುಗಿಸಿದ. “ಡಾಕ್ಟರ್, ನರ್ಸು. ಇಬ್ಬರ ಹೆಸರು ಸಾಕಲ್ರಿ?”

“ಇವರದೂ ಬರೀರಿ,” ಎಂದಳು ಭರಮವ್ವ, ಗಂಡನತ್ತ ನೋಡದೆ.

ಬಾಳಪ್ಪ ಬರೆದ. ಹಳ್ಳಿಯ ಹೆಂಗಸೆಂದು ಅಭ್ಯಾಸಬಲದಿಂದ ಮಸಿ ಡಬ್ಬಿ ತೆರೆದು ಅವಳ ಮುಂದಿಟ್ಟ.

ಭರಮವ್ವ ಅದನ್ನು ಆಚೆ ಸರಿಸಿದಳು. ಪೆನ್ನು ಕೇಳಿ ಪಡೆದು, ಗಂಡನ ಹೆಸರಿದ್ದ ಹಾಳೆಯ ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು.